ಗುಜರಿಯಿಂದ ಬಂದ ಕಾಫಿ

ಮುಸಲ್ಮಾನರ ಮನೆಯೆಂದರೆ ಚಹಾ ಎಂದು ನಂಬಿಕೊಂಡವರು ಬಹಳ ಮಂದಿ. ನಮ್ಮ ಮನೆಗೆ ಮೊದಲ ಸಲ ಬರುವ ಗೆಳೆಯರು ಚಪ್ಪಲಿ ಬಿಡುವಾಗಲೇ "ನಿಮ್ಮಲ್ಲಿ ಸುಲೈಮಾನಿ ಬಹಳ ಚೆನ್ನಾಗಿ ಮಾಡ್ತಾರಂತೆ" ಎನ್ನುತ್ತಾರೆ. ಕರಾವಳಿಯ ನಮ್ಮ ನೆಂಟರ ಮಟ್ಟಿಗೆ ಆ ಮಾತು ಸರಿಯೇ. ನಾವು ಮಾತ್ರ ಮಲೆನಾಡಿನ ಸೆರಗಿನಲ್ಲಿ ಹುಟ್ಟಿ ಬೆಳೆದವರು. ಫಜರ್ ನಮಾಜು ಮುಗಿಸಿ ಅಬ್ಬಾ ಮಸೀದಿಯಿಂದ ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿದಿರಬೇಕಿತ್ತು. ಇಳಿದಿರದಿದ್ದರೆ ಅಂದಿನ ಇಡೀ ದಿನ ಮನೆಯಲ್ಲಿ ಮೋಡ.

ಕಾಫಿಗೂ ನಮಗೂ ಇರುವ ನಂಟು ಹೊಸದಲ್ಲ. ಹದಿನೈದನೆಯ ಶತಮಾನದ ಯೆಮೆನ್‌ನಲ್ಲಿ ಸೂಫಿಗಳು ರಾತ್ರಿಯ ಜಿಕ್ರ್‌ನಲ್ಲಿ ನಿದ್ದೆ ಬಾರದಿರಲೆಂದು ಇದನ್ನು ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಇದನ್ನು ನಿಷೇಧಿಸಿದ್ದೂ ಉಂಟು. ಆ ನಿಷೇಧ ಬಾಳಲಿಲ್ಲ. ನಮ್ಮ ಚಿಕ್ಕಮಗಳೂರಿನ ಗಿರಿಗೆ ಬಾಬಾ ಬುಡನ್ ಎಂಬ ಸೂಫಿ 17ನೆಯ ಶತಮಾನದಲ್ಲಿ ಮೋಕಾ ಬಂದರಿನಿಂದ ಏಳು ಬೀಜ ತಂದರೆಂಬುದು ಐತಿಹ್ಯ. ಏಳೇ ಬೀಜವೋ, ಒಂದು ಹಿಡಿಯೋ ಎಂದು ಲೆಕ್ಕ ಹಾಕಲು ನಾವು ಹೋಗುವುದಿಲ್ಲ. ಆ ಗಿರಿಯ ಹೆಸರು ಪತ್ರಿಕೆಯಲ್ಲಿ ಕಾಫಿಯ ಕಾರಣಕ್ಕಿಂತ ಜಗಳದ ಕಾರಣಕ್ಕೇ ಹೆಚ್ಚು ಬರುತ್ತದಲ್ಲ ಎಂಬ ಸಂಕಟವೊಂದು ಇದೆ, ಅದನ್ನು ಇಲ್ಲಿಗೆ ಬಿಡೋಣ.

ಹಳೆಯ ಕಾಫಿ ಸಾಮಾನು ಹುಡುಕುವ ಹುಚ್ಚು ನಮ್ಮಿಬ್ಬರಿಗೂ ಹತ್ತಿದ್ದು ಶೋಕಿಗಾಗಿ ಅಲ್ಲ. ಸಣ್ಣ ಬೆಳೆಗಾರರೊಬ್ಬರು ನಮಗೆ ಪರಿಚಯವಾದರು. ಕಾಫಿ ಬೋರ್ಡಿನ ಪೂಲ್ ಪದ್ಧತಿ ಪೂರ್ತಿಯಾಗಿ ಇದ್ದ ಕಾಲದಲ್ಲಿ ಅಂಥವರು ತಮ್ಮ ಬೆಳೆಯನ್ನು ಇಷ್ಟ ಬಂದವರಿಗೆಲ್ಲ ಮಾರುವ ಹಾಗಿರಲಿಲ್ಲ. ಈಗ ಅವರು ಮನೆಯಲ್ಲೇ ಹುರಿದ ಬೀಜವನ್ನು ತಿಂಗಳಿಗೊಂದು ಸಲ ನಮಗೆ ಕಳಿಸಿಕೊಡುತ್ತಾರೆ. ಬೀಜವೇನೋ ಬಂತು, ಬೀಸುವುದು ಯಾವುದರಲ್ಲಿ? ಮಿಕ್ಸಿಗೆ ಹಾಕಿದೆವು. ಮಿಕ್ಸಿಯ ಬ್ಲೇಡು ಬೀಜವನ್ನು ಬೀಸುವುದಿಲ್ಲ, ಚಚ್ಚುತ್ತದೆ. ಅರ್ಧ ಹಿಟ್ಟು, ಅರ್ಧ ನುಚ್ಚು. ಹಿಟ್ಟು ಫಿಲ್ಟರಿನ ತೂತು ಕಟ್ಟುತ್ತದೆ, ನುಚ್ಚಿನ ಮೇಲೆ ನೀರು ಸುಮ್ಮನೆ ಹರಿದುಹೋಗುತ್ತದೆ. ಮೇಲಾಗಿ ಜಾರು ಬಿಸಿಯಾಗಿ ಪುಡಿ ಸುಟ್ಟ ವಾಸನೆ ಹೊಡೆಯುತ್ತದೆ. ಮಸಾಲೆ ಅರೆದ ಜಾರಾದರಂತೂ ಧನಿಯಾ ಕಾಫಿ!

ಪೇಟೆಯಲ್ಲಿ ವಿದೇಶಿ ಗ್ರೈಂಡರುಗಳಿವೆ. ಒಂದರ ಬೆಲೆ ಕೇಳಿದೆವು. ಅಷ್ಟರಲ್ಲಿ ಒಂದು ಕುರ್ಬಾನಿಯ ಆಡು ಬರುತ್ತದೆ. ಅಂಗಡಿಯಿಂದ ಇಳಿದು ಬಂದೆವು.

ಆಗ ಅಮ್ಮಿ ನೆನಪಿಸಿದರು, ಅವರ ತವರಿನ ಗೋಡೆಗೆ ಬಿಗಿದಿದ್ದ ಕಬ್ಬಿಣದ ಯಂತ್ರವನ್ನು. ಇಂಗ್ಲಿಷ್ ದೊರೆಯೊಬ್ಬ ತೋಟ ಮಾರಿ ಊರಿಗೆ ಹೊರಟಾಗ ಹರಾಜಿನಲ್ಲಿ ಬಂದದ್ದಂತೆ. ಅಮ್ಮಿಯ ಅಣ್ಣತಮ್ಮಂದಿರು ಪಾಲಾದಾಗ ಆ ಯಂತ್ರ ಯಾರ ಪಾಲಿಗೂ ಬಾರದೆ ತೂಕಕ್ಕೆ ಹೋಯಿತು. ನಾವು ಅಂಥದ್ದನ್ನೇ ಹುಡುಕತೊಡಗಿದೆವು.

ಎಲ್ಲಿ ಹುಡುಕುವುದು ಎಂದು ಓದುಗರು ಕೇಳಬಹುದು. ಸೊಗಸಾದ ದೀಪ ಹಾಕಿ, ಗಾಜಿನ ಕಪಾಟಿನಲ್ಲಿಟ್ಟು ಮಾರುವ ಅಂಗಡಿಗಳಲ್ಲಿ ಮಾತ್ರ ಬೇಡ. ಅಲ್ಲಿ ಯಂತ್ರಕ್ಕೆ ಚಿನ್ನದ ಬಣ್ಣ ಬಳಿದಿರುತ್ತಾರೆ, ಒಳಗಿನ ಹಲ್ಲು ಮಾಯವಾಗಿರುತ್ತದೆ. ಹೊಸ ಹಿತ್ತಾಳೆಗೆ ಏನನ್ನೋ ಹಚ್ಚಿ ನೂರು ವರ್ಷದ ಕಪ್ಪು ತರಿಸುವ ಜಾಣರೂ ಇದ್ದಾರೆ. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಆಸುಪಾಸಿನ ಭಾನುವಾರದ ಗುಜರಿ ಸಂತೆ, ಮುಂಬೈಗೆ ಹೋದಾಗ ಮಟನ್ ಸ್ಟ್ರೀಟಿನ ಚೋರ್ ಬಜಾರ್, ಇವೆರಡನ್ನೂ ನಾವು ಸುತ್ತಿದ್ದೇವೆ. ಆದರೆ ಸಿಕ್ಕಿದ್ದು ನಮ್ಮದೇ ಊರಿನ ಗುಜರಿಯಲ್ಲಿ, ಹಳೆ ಸೈಕಲ್ಲಿನ ರಾಶಿಯ ಅಡಿಯಲ್ಲಿ. ಗುಜರಿಯವರು ನಮ್ಮವರೇ, ಅಬ್ಬಾನನ್ನು ಬಲ್ಲವರು. ನಮ್ಮ ಸಮುದಾಯದ ಎಷ್ಟೋ ಜನರ ಹೊಟ್ಟೆಪಾಡು ಈ ಗುಜರಿ, ಬೀಗ ರಿಪೇರಿ, ಕಲಾಯಿ, ಛತ್ರಿ ರಿಪೇರಿ. ಊರು ಬಿಸಾಡಿದ್ದು ಮೊದಲು ಬರುವುದು ಇವರ ಕೈಗೆ.

ಸಿಕ್ಕಿದ್ದು ಸ್ಪಾಂಗ್ ಎಂಬ ಲಂಡನ್ ಕಂಪನಿಯ ಎರಕದ ಯಂತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಶುರುವಾದ ಕಂಪನಿಯದು. ಮೇಲೆ ಬೀಜ ಸುರಿಯುವ ಅಗಲ ಬಾಯಿ, ಪಕ್ಕದಲ್ಲಿ ಮರದ ಗುಬುಟಿನ ಹಿಡಿ, ಕೆಳಗೆ ಮೇಜಿಗೋ ಗೋಡೆಗೋ ಬೋಲ್ಟು ಹಾಕಲು ತೂತುಗಳು. ಒಳಗೆ ಎದುರುಬದುರು ನಿಂತ ಎರಡು ಹಲ್ಲುಬಿಲ್ಲೆಗಳು. ನಮ್ಮ ಬೀಸುಕಲ್ಲನ್ನು ಎತ್ತಿ ನಿಲ್ಲಿಸಿದ ಹಾಗೆ. ಒಂದು ಅಲ್ಲಾಡುವುದಿಲ್ಲ, ಇನ್ನೊಂದು ತಿರುಗುತ್ತದೆ. ನಡುವಿನ ಸಂದನ್ನು ತಿರುಪಿನಿಂದ ಹಿಗ್ಗಿಸಿ ಕುಗ್ಗಿಸಬಹುದು. ವಿದ್ಯೆ ಇರುವುದೆಲ್ಲ ಆ ಸಂದಿನಲ್ಲಿ.

ಬೇರೆ ದೇಶದವರದು ಬೇರೆ ರೀತಿ. ಈಗ ಕಾರಿಗೆ ಹೆಸರಾದ ಫ್ರಾನ್ಸಿನ ಪ್ಯೂಜೋ ಮನೆತನ 1840ರಿಂದಲೇ ಕಾಫಿ ಬೀಸುವ ಡಬ್ಬಿ ಮಾಡುತ್ತಿತ್ತು. ಕಾರು ಬಂದದ್ದು ಅದಾಗಿ ಸುಮಾರು ಐವತ್ತು ವರ್ಷಕ್ಕೆ. ಜರ್ಮನಿಯ ಜಾಸೆನ್‌ಹೌಸ್‌ನವರ ಮರದ ಪೆಟ್ಟಿಗೆಯನ್ನು ಎರಡು ಮಂಡಿಗಳ ನಡುವೆ ಹಿಡಿದು ತಿರುಗಿಸಬೇಕು. ತುರ್ಕಿ, ಸಿರಿಯಾದವರದು ಉದ್ದನೆಯ ಹಿತ್ತಾಳೆ ಕೊಳವೆ. ಅವರಿಗೆ ಬೇಕಾದ್ದು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ನಮ್ಮ ಫಿಲ್ಟರಿಗೆ ಅಷ್ಟು ನುಣುಪು ಆಗದು, ಸಣ್ಣ ರವೆಗಿಂತ ತುಸು ಸಣ್ಣಗಿದ್ದರೆ ಸಾಕು. ಗಲ್ಫಿನಿಂದ ಬಂದ ನಮ್ಮವರ ಶೋಕೇಸಿನಲ್ಲಿ ಉದ್ದ ಕೊಕ್ಕಿನ ಹಿತ್ತಾಳೆ ದಲ್ಲಾ ಇರುತ್ತದೆ. ಅದರಲ್ಲಿ ಯಾರೂ ಖಹ್ವಾ ಕಾಯಿಸಿದ್ದನ್ನು ನಾವು ಕಂಡಿಲ್ಲ, ಪ್ಲಾಸ್ಟಿಕ್ ಹೂವು ಇಟ್ಟಿದ್ದನ್ನು ಕಂಡಿದ್ದೇವೆ.

ಗುಜರಿಯಲ್ಲಿ ಯಂತ್ರ ಕೈಗೆ ಬಂದರೆ ಮೊದಲು ಹಿಡಿ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ಹೆದರಬೇಕಿಲ್ಲ, ಅದು ತುಕ್ಕು ಅಥವಾ ಹಳೆ ಕಾಫಿಯ ಜಿಡ್ಡು. ಹಿಡಿ ಮೇಲೆ ಕೆಳಗೆ ಆಡಿದರೆ ಹೆದರಬೇಕು. ಒಳಗಿನ ಕಂಬಿ ಸವೆದಿದೆ, ಅಂಥದು ಒಂದೇ ಸಮನೆ ಬೀಸುವುದಿಲ್ಲ. ಆಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳಬೇಕು. ಒಡೆಯದ ಎರಕ ಟಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಡಕೆಯ ಹಾಗೆ ಬೊದ್ದು ಸದ್ದು ಮಾಡುತ್ತದೆ. ಎರಕದ ಕಬ್ಬಿಣಕ್ಕೆ ಬೆಸುಗೆ ಸುಲಭವಾಗಿ ಹಿಡಿಯುವುದಿಲ್ಲ. ತಿರುಪು ಕಳೆದಿದ್ದರೆ ಲೇತ್ ಅಂಗಡಿಯವರು ಮಾಡಿಕೊಡುತ್ತಾರೆ, ಹಲ್ಲು ಪೂರಾ ಬೋಳಾಗಿದ್ದರೆ ಆಸೆ ಬಿಡುವುದು ಮೇಲು. ಬೀಜ ಹಾದುಹೋಗುವ ಒಳಮೈಗೆ ಯಾರಾದರೂ ಬಣ್ಣ ಬಳಿದಿದ್ದರೆ ಅದೂ ಬೇಡ, ಹಳೆ ಬಣ್ಣದಲ್ಲಿ ಸೀಸ ಇರಬಹುದು.

ನಮ್ಮದರ ಹಲ್ಲು ಚೂಪಾಗಿಯೇ ಇತ್ತು. ಸೀಮೆಎಣ್ಣೆಗೆ ಕೈ ಹಾಕಲಿಲ್ಲ, ವಾಸನೆ ಹೋಗದು. ಬಿಚ್ಚಿ, ಒಣ ಬ್ರಷ್ಷಿನಿಂದ ಉಜ್ಜಿ, ನಾಲ್ಕು ಸಲ ಹಸಿ ಅಕ್ಕಿ ಬೀಸಿದೆವು. ಮೊದಲ ಸಲದ ಅಕ್ಕಿ ಹಿಟ್ಟು ಕಾಡಿಗೆಯ ಹಾಗೆ ಬಂತು, ಎರಡನೆಯದರಲ್ಲಿ ಕಾಳುಮೆಣಸಿನ ಘಾಟು. ನಾಲ್ಕನೆಯದು ಬೆಳ್ಳಗೆ. ಬೆಲೆ ಕೇಳಿದ ಅಮ್ಮಿ, "ಇತ್ತೆ ಪೈಸೆ ದೇಕೋ ಗುಜರಿ ಲಾಯೆ ಕ್ಯಾ?" ಎಂದು ಗೊಣಗಿದರು. ಆದರೆ ಮರುದಿನ ಬೆಳಿಗ್ಗೆ ಬೀಸುವ ಸದ್ದು ಕೇಳಿ ಹೋಗಿ ನೋಡಿದರೆ ಹಿಡಿ ಅವರ ಕೈಯಲ್ಲಿತ್ತು.

ಯಂತ್ರಕ್ಕಿಂತ ದೊಡ್ಡ ಕಥೆ ಫಿಲ್ಟರಿನದು.

ಅದೇ ಗುಜರಿಯವರು ಕೆಲವು ತಿಂಗಳ ಬಳಿಕ ಒಂದು ಹಿತ್ತಾಳೆ ಫಿಲ್ಟರು ತೆಗೆದಿಟ್ಟಿದ್ದರು. ದಪ್ಪ ತಗಡು, ಕೈಯಲ್ಲಿ ಹಿಡಿದರೆ ತೂಕ ತಿಳಿಯುವಂಥದು. ಮೇಲಿನ ಪಾತ್ರೆ ಕೆಳಗಿನದರ ಕಂಠದಲ್ಲಿ ಅಲುಗಾಡದೆ ಕೂರುತ್ತಿತ್ತು. ಹಳೆಯ ಕೆಲಸಕ್ಕೂ ಈಗಿನ ತೆಳು ಸ್ಟೀಲಿಗೂ ವ್ಯತ್ಯಾಸ ಕಾಣುವುದು ಇಲ್ಲಿ, ಮತ್ತು ತೂತುಗಳಲ್ಲಿ. ಬೆಳಕಿಗೆ ಹಿಡಿದು ನೋಡಬೇಕು. ತೂತುಗಳು ಒಂದೇ ಗಾತ್ರದವಾಗಿ, ಸಣ್ಣಗೆ, ಅಂಚಿನವರೆಗೂ ಸಾಲಾಗಿರಬೇಕು. ದೊಡ್ಡ ತೂತಾದರೆ ಗಸಿ ಕೆಳಗಿಳಿಯುತ್ತದೆ, ವಿರಳವಾದರೆ ರಾತ್ರಿ ಹಾಕಿದ್ದು ಬೆಳಿಗ್ಗೆಯೂ ಇಳಿದಿರುವುದಿಲ್ಲ. ಪುಡಿಯನ್ನು ಒತ್ತುವ, ಕಡ್ಡಿ ಇರುವ ಬಿಲ್ಲೆಯೂ ಜೊತೆಗೇ ಇತ್ತು. ಹಳೆ ಫಿಲ್ಟರುಗಳಲ್ಲಿ ಸಾಮಾನ್ಯವಾಗಿ ಮೊದಲು ಕಳೆಯುವುದೇ ಅದು.

ತಕ್ಕಡಿಗೆ ಹಾಕುತ್ತ ಗುಜರಿಯವರು ಹೇಳಿದರು, "ಇದರ ಮೇಲೆ ಡಿಜೈನ್ ಬೇರೆ ಐತೆ ಆಪಾ, ಬಳ್ಳಿ ಥರ."

ನೋಡಿದರೆ ಬಳ್ಳಿಯಲ್ಲ. ಉಳಿಯ ಮೊನೆಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಬರೆದ ಉರ್ದು. ಒಬ್ಬ ಹೆಣ್ಣುಮಗಳ ಹೆಸರು, ಬಿಂತ್ ಎಂದು ಬರೆದು ಆಕೆಯ ತಂದೆಯ ಹೆಸರು, ಕೆಳಗೆ 1369 ಎಂಬ ಹಿಜರಿ ಇಸವಿ. ನಮ್ಮ ಲೆಕ್ಕಕ್ಕೆ 1949-50. ದೇಶ ಗಣರಾಜ್ಯವಾದ ಆಸುಪಾಸಿನಲ್ಲಿ ಯಾರದೋ ನಿಕಾಹ್ ಆಗಿದೆ, ಜಹೇಜಿನ ಪಾತ್ರೆಗಳ ಜೊತೆ ಕಾಫಿ ಫಿಲ್ಟರನ್ನೂ ತಂದೆ ಕೊಟ್ಟಿದ್ದಾನೆ. ಪಾನ್‌ದಾನ್, ಲೋಟ, ದೇಗ್ಚಿ ಕೊಡುವುದನ್ನು ಕೇಳಿದ್ದೆವು, ಫಿಲ್ಟರು ಕೊಟ್ಟದ್ದನ್ನು ಕೇಳಿರಲಿಲ್ಲ. ಹುಡುಗಿಗೆ ಕಾಫಿ ಇಲ್ಲದೆ ಆಗುತ್ತಿರಲಿಲ್ಲವೋ, ಅಳಿಯನಿಗೋ?

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಕೆಯ ಮೊಮ್ಮಕ್ಕಳು ಈ ಪತ್ರಿಕೆ ಓದುವವರೇ ಇರಬಹುದು, ಅಜ್ಜಿಯ ಪಾತ್ರೆ ತಕ್ಕಡಿಗೆ ಬಿದ್ದ ಸುದ್ದಿ ಅವರಿಗೆ ಹೀಗೆ ತಲುಪುವುದು ಬೇಡ. ಪಾತ್ರೆಗೆ ಹೆಸರು ಕುಟ್ಟಿಸುವ ಪದ್ಧತಿ ನಮ್ಮ ನಾಡಿನ ಎಲ್ಲ ಜಾತಿ ಮತಗಳಲ್ಲೂ ಇದೆ. ಮದುವೆಮನೆಗೆ ಎರವಲು ಹೋದ ಕೊಳಗ ತಿರುಗಿ ಬರಬೇಕಲ್ಲ. ಗುಜರಿಯ ಹಿತ್ತಾಳೆ ರಾಶಿಯಲ್ಲಿ ಕೈಯಾಡಿಸಿದರೆ ಇಡೀ ಊರಿನ ಹೆಂಗಸರ ಹೆಸರುಗಳು ಸಿಗುತ್ತವೆ. ಅವುಗಳಲ್ಲಿ ಎಷ್ಟು ಆಸ್ಪತ್ರೆಯ ಬಿಲ್ಲಿಗೆ ಬಂದವು, ಎಷ್ಟು ಪಾಲಿನ ಜಗಳಕ್ಕೆ, ಎಷ್ಟು ಮಗನ ಕುಡಿತಕ್ಕೆ ಎಂದು ಗುಜರಿಯವರನ್ನು ಕೇಳಿದರೆ ಅವರು ಬೀಡಿ ಹಚ್ಚುತ್ತಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆ ಮನೆಗಳನ್ನೂ ಮನೆವಾರ್ತೆಯ ಸಾಮಾನುಗಳನ್ನೂ ಕೂಡಿಹಾಕಿ ಉಳಿಸಿದರು. ಎಲ್ಲ ಊರಿಗೂ ಒಬ್ಬ ಶೆಣೈ ಇರುವುದಿಲ್ಲ. ಉಳಿದೆಡೆ ಹಿತ್ತಾಳೆ ಕುಲುಮೆಗೆ ಹೋಗಿ ನಲ್ಲಿಯೋ ಬಾಗಿಲ ಹಿಡಿಯೋ ಆಗುತ್ತದೆ.

ನಮ್ಮನ್ನು ಹೆಚ್ಚು ಕಲಕಿದ್ದು ಬೇರೆ. ಗುಜರಿಯವರೂ ಮನೆಯಲ್ಲಿ ಉರ್ದು ಮಾತಾಡುವವರೇ. ಆದರೆ ಆ ಅಕ್ಷರ ಅವರಿಗೆ ಬಳ್ಳಿಯಾಗಿ ಕಂಡಿತು. ಕುರ್‌ಆನ್ ಓದಲು ಕಲಿತಿದ್ದಾರೆ, ಅದು ಜೇರ್ ಜಬರ್ ಹಚ್ಚಿದ ದೊಡ್ಡ ಅರಬಿ ಅಕ್ಷರ. ಕೈಬರಹದ ಉರ್ದು ಮೂರು ತಲೆಮಾರಿನಲ್ಲಿ ಚಿತ್ತಾರವಾಗಿಬಿಟ್ಟಿದೆ. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನಾವೇ ಕತೆ ಬರೆಯಲು ಕನ್ನಡವನ್ನು ಹಿಡಿದವರು, ಅದರ ಬಗ್ಗೆ ನಮಗೆ ಅಳುಕಿಲ್ಲ. ಆದರೂ ಆ ದಿನ ಅಂಗಡಿಯಲ್ಲಿ ನಾವು ಇಲ್ಲದಿದ್ದರೆ ಆ ಹೆಣ್ಣಿನ ಹೆಸರನ್ನು ಓದುವವರೇ ಇರುತ್ತಿರಲಿಲ್ಲ ಎಂಬುದು ಮನಸ್ಸಿನಿಂದ ಹೋಗಲೊಲ್ಲದು.

ಫಿಲ್ಟರಿನ ಒಳಗೆ ಕಲಾಯಿ ಪೂರಾ ಎದ್ದುಹೋಗಿ ಹಿತ್ತಾಳೆ ಹಸಿರು ಕಿಲುಬು ಹಿಡಿದಿತ್ತು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಕಾಫಿಯ ಹುಳಿ ತಾಮ್ರವನ್ನು ಕರಗಿಸುತ್ತದೆ, ಆದ್ದರಿಂದ ಕಲಾಯಿ ಇಲ್ಲದೆ ಬಳಸುವಂತಿಲ್ಲ. ನಮ್ಮ ಬಾಲ್ಯದಲ್ಲಿ ಕಲಾಯಿ ಸಾಬರು ಬೀದಿಯಲ್ಲಿ ಕೂಗುತ್ತ ಬರುತ್ತಿದ್ದರು. ಈಗ ಹುಡುಕಬೇಕು. ವಿಚಾರಿಸಿ ವಿಚಾರಿಸಿ, ಪಕ್ಕದ ತಾಲ್ಲೂಕಿನ ಬಸ್ ನಿಲ್ದಾಣದ ಹಿಂದೆ ಒಬ್ಬ ಚಾಚಾ ಇದ್ದಾರೆಂದು ತಿಳಿದು ಹೋದೆವು. ವಯಸ್ಸು ಎಪ್ಪತ್ತರ ಮೇಲೆ. ಬಿರಿಯಾನಿ ದೇಗ್ಚಿಗಳ ಕೆಲಸ ಇರುವುದರಿಂದ ಉಳಿದುಕೊಂಡಿದ್ದಾರೆ. ನಮ್ಮ ಮದುವೆಗಳಲ್ಲಿ ತಾಮ್ರದ ದೇಗ್ಚಿಯ ಪಟ್ಟು ಸಡಿಲವಾಗದಿರುವುದೇ ಅವರ ಅನ್ನ.

ಕೂಡಲೇ ಹಚ್ಚಿ ಎನ್ನಲಿಲ್ಲ ನಾವು. ತವರ ಯಾವುದು ಎಂದು ಕೇಳಿದೆವು. ಸೀಸ ಬೆರೆತ ತವರ ಅಗ್ಗ. ಬೆರೆಸಿದ್ದು ಕಣ್ಣಿಗೆ ಕಾಣದು, ಮಕ್ಕಳ ಮಿದುಳಿಗೆ ಮಾತ್ರ ವಿಷ. ಚಾಚಾಗೆ ಕೋಪ ಬರಲಿಲ್ಲ. ಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು ನಮ್ಮ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ಕಿರ್ರ್ ಎಂದಿತು. "ಸುನೇ? ಅಸಲಿ ರಾಂಗ್ ರೋತಾ ಹೈ" ಎಂದರು. ಶುದ್ಧ ತವರ ಬಗ್ಗುವಾಗ ಅಳುತ್ತದೆ, ಸೀಸ ಹೆಚ್ಚಿದ್ದರೆ ಸದ್ದಿಲ್ಲದೆ ಬಾಗುತ್ತದೆ, ಕಾಗದದ ಮೇಲೆ ಎಳೆದರೆ ಪೆನ್ಸಿಲಿನ ಹಾಗೆ ಗೆರೆ ಮೂಡುತ್ತದೆ. ಪುಸ್ತಕ ಓದದೆ ಐವತ್ತು ವರ್ಷದಿಂದ ಅವರು ಮಾಡುತ್ತ ಬಂದ ಪರೀಕ್ಷೆ ಇದು.

ಆಮೇಲೆ ಕೆಲಸ. ಹುಣಸೆಹುಳಿ, ಮರಳು ಹಾಕಿ ಉಜ್ಜಿ ಒಳಮೈಯನ್ನು ಬೆತ್ತಲೆ ಮಾಡಿದರು. ನೆಲದ ಗುಳಿಯಲ್ಲಿ ಇದ್ದಿಲು, ತಿದಿಯ ಬದಲು ಈಗ ಕೈಯಿಂದ ತಿರುಗಿಸುವ ಚಿಕ್ಕ ಬ್ಲೋವರ್. ಪಾತ್ರೆ ಕಾದಾಗ ನವಸಾಗರದ ಪುಡಿ ಎರಚಿದರು, ಬುಸ್ಸೆಂದು ಬಿಳಿ ಹೊಗೆ. ತವರ 232 ಡಿಗ್ರಿಗೇ ಕರಗುವ ಮೆದು ಲೋಹ. ಕಡ್ಡಿಯನ್ನು ತಾಗಿಸಿದ್ದೇ ತಡ, ಹನಿ ಬಿದ್ದು ಓಡತೊಡಗಿತು. ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದರು. ಕಪ್ಪು ಪಾತ್ರೆಯ ಒಳಗೆ ಹುಣ್ಣಿಮೆ ಹುಟ್ಟಿದಂತಾಯಿತು. ತೂತಿನ ತಟ್ಟೆ ಕಷ್ಟದ್ದು, ತವರ ತೂತುಗಳನ್ನು ಮುಚ್ಚಿಬಿಡುತ್ತದೆ. ಅದು ಇನ್ನೂ ಬಿಸಿಯಿರುವಾಗಲೇ ಚಾಚಾ ನೆಲಕ್ಕೆ ಒಂದು ಸಲ ಕುಟ್ಟಿ, ಊದಿ, ಉಳಿದ ನಾಲ್ಕೈದು ತೂತನ್ನು ಸೂಜಿಯಿಂದ ಬಿಡಿಸಿದರು. ಆ ಹೊಗೆಯಲ್ಲಿ ಅವರು ಕೆಮ್ಮುತ್ತಲೇ ಇದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ, ಉಸಿರು ಕಟ್ಟುತ್ತದೆ ಎಂದರು. ಇಬ್ಬರು ಗಂಡುಮಕ್ಕಳು, ಒಬ್ಬ ಆಟೋ, ಇನ್ನೊಬ್ಬ ಎಸಿ ಮೆಕ್ಯಾನಿಕ್. "ಅವರನ್ನು ಈ ಹೊಗೆಗೆ ಕೂರಿಸಲಿಲ್ಲ, ಅದೊಂದು ಒಳ್ಳೇದು ಮಾಡಿದೆ" ಎಂದರು ಚಾಚಾ. ಕಲೆ ನಶಿಸುತ್ತಿದೆ ಎಂದು ನಾವು ಹಲುಬುವುದಕ್ಕೆ ಹೊರಟಿದ್ದೆವು, ಈ ಮಾತು ಕೇಳಿ ಬಾಯಿ ಮುಚ್ಚಿಕೊಂಡೆವು.

ಹೊರಮೈಗೆ ಪಾಲಿಶ್ ಹಿಡಿಯುವ ಮುನ್ನ ಅವರೇ ಕೇಳಿದರು, "ಹೆಸರು ತೀಡಿ ತೆಗೆಯಲೇ? ಬೇರೆಯವರ ಹೆಸರಿನ ಪಾತ್ರೆ ಮನೆಯಲ್ಲಿ ಯಾಕೆ?" ಅವರು ಓದಬಲ್ಲವರು. ಆಕೆಯ ಹೆಸರನ್ನು ಒಂದು ಸಲ ಗಟ್ಟಿಯಾಗಿ ಓದಿಯೂ ಓದಿದರು. ಬೇಡ ಎಂದೆವು. ಅವರು ಬಟ್ಟೆಯಿಂದ ಅಕ್ಷರದ ಸುತ್ತ ಮಾತ್ರ ಉಜ್ಜಿದರು. ಚುಕ್ಕೆಗಳ ಒಳಗಿನ ಕಪ್ಪು ಹಾಗೇ ಉಳಿದು, ಹೆಸರು ಮೊದಲಿಗಿಂತ ಸ್ಪಷ್ಟವಾಗಿ ಎದ್ದಿತು. ಅವರು ಹೇಳಿದ ಕೂಲಿ ಬಹಳ ಕಡಿಮೆಯಾಯಿತು ಎಂದು ಹೆಚ್ಚು ಕೊಡಹೋದರೆ, ಹೆಚ್ಚಿನದನ್ನು ವಾಪಸು ಮಾಡಿದರು.

ಈಗ ದಿನದ ಕ್ರಮ ಇಷ್ಟು. ರಾತ್ರಿ ಇಶಾ ನಮಾಜಿನ ಮೇಲೆ ಬೇಕಾದಷ್ಟೇ ಬೀಜ ಬೀಸುತ್ತೇವೆ, ಬೀಸಿ ಇಟ್ಟ ಪುಡಿ ಒಂದೆರಡು ದಿನಕ್ಕೇ ಸಪ್ಪಗಾಗುತ್ತದೆ. ಮುಕ್ಕಾಲು ಪಾಲು ಅರೇಬಿಕಾ, ಕಾಲು ಪಾಲು ರೋಬಸ್ಟಾ. ಚಿಕೋರಿ ಹಾಕಬೇಕೋ ಬೇಡವೋ ಎಂಬುದು ಮನೆಯಲ್ಲಿ ಇತ್ಯರ್ಥವಾಗದ ವ್ಯಾಜ್ಯ. ಅಂಗಡಿಯ ಮಿಶ್ರಣದಲ್ಲಿ ಕಾನೂನಿನ ಪ್ರಕಾರ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು. ಅಂದರೆ 49ರವರೆಗೂ ಬೇರು ಕುಡಿಸಬಹುದು ಎಂದಾಯಿತು! ಅಮ್ಮಿಗೆ ಚಿಕೋರಿಯ ಬಣ್ಣ ಬೇಕು, ಅವರ ಲೋಟಕ್ಕೆ ಬೇರೆಯಾಗಿ ಒಂದು ಚಿಟಿಕೆ. ನೀರು ಕುದಿದ ಮೇಲೆ ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟು ಸುರಿಯಬೇಕು, ಬಿಲ್ಲೆಯನ್ನು ಒತ್ತಬಾರದು, ಮೆಲ್ಲಗೆ ಕೂರಿಸಬೇಕು. ಫಿಲ್ಟರನ್ನು ಯಾವ ಕಾರಣಕ್ಕೂ ಒಲೆಯ ಮೇಲೆ ಇಡಬಾರದು, ತವರ ಕರಗಿ ಗಂಟಾಗುತ್ತದೆ. ಸ್ಟೀಲಿನ ಉಜ್ಜುವ ತಂತಿಯೂ ಕೂಡದು. ಬರೀ ಬಿಸಿನೀರು ತಾಗುವುದರಿಂದ ಈ ಕಲಾಯಿ ದೇಗ್ಚಿಯ ಕಲಾಯಿಗಿಂತ ಹೆಚ್ಚು ದಿನ ಬಾಳುತ್ತದೆ ಎಂದು ಚಾಚಾ ಹೇಳಿದ್ದಾರೆ.

ರುಚಿ ಹೇಗೆ ಎಂದು ಕೇಳುವವರಿಗೆ ನಾವು ಹೊಗಳಿ ಹೇಳುವುದಿಲ್ಲ. ಹೊಸ ಸ್ಟೀಲ್ ಫಿಲ್ಟರಿನಲ್ಲಿ ಇಳಿದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಹತ್ತು. ಬೀಸುವ ಯಂತ್ರದಿಂದ ಬಂದ ವ್ಯತ್ಯಾಸ ಮಾತ್ರ ನೂರಕ್ಕೆ ತೊಂಬತ್ತು. ಕೈಯಲ್ಲಿ ದುಡ್ಡು ಕಡಿಮೆ ಇರುವವರು ಯಂತ್ರವನ್ನೇ ಮೊದಲು ಹುಡುಕಲಿ.

ನಮ್ಮ ಮನೆಗೆ ಬಂದವರಿಗೆ ಫಿಲ್ಟರು ಕಂಡರೆ "ಇದು ಯಾರ ಹೆಸರು?" ಎನ್ನುತ್ತಾರೆ. ಗೊತ್ತಿಲ್ಲ ಎನ್ನುತ್ತೇವೆ. ಅಮ್ಮಿಯ ವಯಸ್ಸಿನ ಇಬ್ಬರು ಮೂವರನ್ನು ವಿಚಾರಿಸಿದ್ದೇವೆ, ಯಾರಿಗೂ ನೆನಪಿಲ್ಲ. ಅಮ್ಮಿಯಂತೂ ಆ ಹೆಸರನ್ನು ಮನೆಯ ಸೊಸೆಯೊಬ್ಬಳ ಹೆಸರಿನ ಹಾಗೆ ಬಳಸುತ್ತಾರೆ: ಇವತ್ತು ಅವಳು ಬೇಗ ಇಳಿಸಿದಳು, ನಿನ್ನೆ ಸತಾಯಿಸಿದಳು.

ಗುಜರಿಯವರಿಗೆ ಒಂದು ಮಾತು ಹೇಳಿ ಬಂದಿದ್ದೆವು, ಅಂಥ ಬಳ್ಳಿ ಇರುವ ಪಾತ್ರೆ ಯಾವುದು ಬಂದರೂ ಕುಲುಮೆಗೆ ಹಾಕಬೇಡಿ, ನಮಗೆ ಫೋನ್ ಮಾಡಿ ಎಂದು. ಕಳೆದ ತಿಂಗಳು ಮಾಡಿದರು. ಮಳೆಯಲ್ಲಿ ಆಟೋ ಹಿಡಿದು ಹೋದೆವು. ಒಳ್ಳೆಯ ತೂಕದ ಪಾನ್‌ದಾನ್, ಮುಚ್ಚಳದ ತುಂಬ ಬಳ್ಳಿ. ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ತಂದು, ತಿರುಗಿಸಿ ತಿರುಗಿಸಿ ನೋಡಿದೆವು. ಈ ಸಲ ನಿಜವಾಗಿಯೂ ಬಳ್ಳಿಯೇ.